ಬಿಸಿಲಿನಲ್ಲಿ ಹೊಲಿದ ನಾಲ್ಕು ಸಾಲು

“ಬಿಸಲಿಗೆ ಬರಲಾರದ ನೆಳ್ಳಾಗ ಕುಂತು ಕೌದಿ ಹೊಲಕೋತ ಸತ್ತಳಪಾ.” ನನ್ನ ಅತ್ತಿಗೆಯ ಬಗ್ಗೆ ರೋಣದ ನಮ್ಮ ಓಣಿಯವರು ಹೇಳುವ ಮಾತಿದು. ನರಗುಂದದ ಬೀಗರೂ ಗಜೇಂದ್ರಗಡದ ಬೀಗರೂ ಈಗ ಅದನ್ನೇ ಹೇಳುತ್ತಾರೆ. ಎಷ್ಟು ಜನ ಹೇಳಿದರೂ ಅದು ಸುಳ್ಳು. ಸುಳ್ಳೆಂದು ತೋರಿಸಲು ನನ್ನ ಬಳಿ ಎರಡು ವಸ್ತುಗಳಿವೆ.

ಅತ್ತಿಗೆಯ ಎಡಗಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಉಳಿದ ಸಂದಿಯಲ್ಲೇ ಸೂಜಿಯ ಕಣ್ಣನ್ನು ಹುಡುಕಿ ದಾರ ಪೋಣಿಸುತ್ತಿದ್ದರು. ಬೆಳಿಗ್ಗೆ ಎರಡೂ ಕಣ್ಣು ನಿಚ್ಚಳ. ಹೊತ್ತು ಏರಿದಂತೆ ರೆಪ್ಪೆ ಇಳಿಯುವುದು. “ನಡೀರಿ, ನನ್ನ ಅಂಗಡಿ ಬಾಗಲಾ ಹಾಕೋ ಹೊತ್ತಾತು” ಎಂದು ನಕ್ಕು ಸೂಜಿಯನ್ನು ಚುಚ್ಚಿಡುತ್ತಿದ್ದರು.

ತಾಯಿಯಿಲ್ಲದ, ಮೂರನೆಯ ಇಯತ್ತೆಗೇ ಸಾಲೆ ಬಿಟ್ಟ ನನಗೆ ಓದು ಹಚ್ಚಿದವರು ಅವರು. ಕೌದಿಗೆಂದು ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಅಂಚಿನಿಂದ ನಡುವಿನತ್ತ ಸುತ್ತು ಸುತ್ತಾಗಿ ಹೊಲಿಯುತ್ತ, ನನ್ನನ್ನು ಎದುರು ಕೂಡಿಸಿ ಪತ್ರಿಕೆ ಓದಿಸುತ್ತಿದ್ದರು. ನಾನು ತಪ್ಪಿದರೆ ಸೂಜಿ ನಿಲ್ಲುತ್ತಿತ್ತು. “ಅಂದಾಜಿಲೆ ಓದಬ್ಯಾಡ ತಮ್ಮಾ. ಅಲ್ಲೇನೈತಿ, ಅದನ್ನ ಓದು.” ಯಾವ ಮಾತನ್ನೂ ಪರೀಕ್ಷಿಸದೆ ಒಪ್ಪದ ನನ್ನ ಹಟ ಹುಟ್ಟಿದ್ದು ಅಲ್ಲಿ.

ಅವರ ಕಾಯಿಲೆಯನ್ನು ಹುಬ್ಬಳ್ಳಿಯ ಡಾಕ್ಟರು ಬಿಡಿಸಿ ಹೇಳಿದರು. ದೇಹವನ್ನು ಕಾಯುವ ಶಕ್ತಿಯೇ ತಿರುಗಿಬಿದ್ದು, ನರದ ಸಂದೇಶ ಸ್ನಾಯುವಿಗೆ ಮುಟ್ಟುವ ಜಾಗವನ್ನು ಕೆಡಿಸುತ್ತದೆ, ದುಡಿದಷ್ಟೂ ಸ್ನಾಯು ಸೋಲುತ್ತದೆ, ಹೆಸರು ಮಯಸ್ತೇನಿಯಾ. ರಕ್ತದಲ್ಲಿ ಡಿ ಜೀವಸತ್ವವೂ ಕಡಿಮೆಯಿತ್ತು. ರೋಗಕ್ಕೆ ಗುಳಿಗೆ, ಈ ಕೊರತೆಗೆ ವಾರಕ್ಕೊಂದು ಪುಡಿ ಬರೆದುಕೊಟ್ಟು, “ಪುಡಿ ಆ ರೋಗದ ಔಷಧ ಅಲ್ರೀ, ಕೊರತೆ ತುಂಬಾಕ ಅಷ್ಟ. ಸುಡೋ ಬಿಸಲಾಗ ಕೂಡಸಬ್ಯಾಡ್ರಿ, ಇದ್ದ ಶಕ್ತೀನೂ ಇಳೀತೈತಿ” ಎಂದರು.

ನಾನು ನಂಬಲಿಲ್ಲ. ಬಿಸಿಲಿನಿಂದ ಡಿ ಜೀವಸತ್ವ ಹುಟ್ಟುತ್ತದೆಂದು ಪತ್ರಿಕೆಯಲ್ಲಿ ಓದಿದ್ದೆ. ಇಷ್ಟು ಬಿಸಿಲಿರುವ ಊರಿನಲ್ಲಿ ಅಂಗಡಿಯ ಪುಡಿ ಏಕೆ? ಕೊರತೆ ತುಂಬಿದರೆ ರೋಗವೂ ಹೋದೀತೆಂದು ನಾನೇ ತೀರ್ಮಾನಿಸಿ, ಅವರ ಚಾಪೆಯನ್ನು ಅಂಗಳಕ್ಕೆ ಎಳೆದೆ.

“ಬಿಸಲು ನನಗ ಆಗಿಬರೂದಿಲ್ಲೋ.”

“ನಿಮಗ ಹೊರಗ ಬರಾಕ ಬ್ಯಾಸರ, ವೈನಿ. ಪೇಪರಿನ್ಯಾಗ ಬರದಾರ.”

“ಹಂಗಾರ ನೀನ ಡಾಕ್ಟರ ಆದಿ ಅನ್ನು” ಎಂದು ನಕ್ಕು, ಕೌದಿ ಎತ್ತಿಕೊಂಡು ಬಂದು ಕುಳಿತರು.

ದಿನಕ್ಕೊಂದು ಸುತ್ತು ಹೊಲಿದರು. ನಾಲ್ಕನೆಯ ದಿನ, ಕುಡಿದ ಚಹಾ ಮೂಗಿನಿಂದ ಹೊರಬಂತು. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಅಣ್ಣನೂ ನಾನೂ ಎತ್ತಿಕೊಂಡು ಒಳಗೆ ತಂದು ಮಲಗಿಸಿದೆವು. ಚೇತರಿಸಿಕೊಂಡ ಮೇಲೆ, ಅಂಗಳದಲ್ಲಿ ಹೊಲಿದ ಸಾಲುಗಳು ಸೊಟ್ಟಾಗಿವೆ, ಬಿಚ್ಚಲೇ ಎಂದು ಕೇಳಿದೆ.

“ಇರಲಿ ಬಿಡು. ಬರದದ್ದಿದ್ರ ಅಷ್ಟ ನಂಬಾಂವ ನೀ. ಇದೂ ಬರದಂಗ ಐತಿ, ಓದಕೋ.”

ಆಮೇಲೆ ಅವರು ನೆರಳಿನಲ್ಲೇ ಉಳಿದರು. ಗುಳಿಗೆಯನ್ನು ಒಂದು ದಿನವೂ ಪುಡಿಯನ್ನು ಒಂದು ವಾರವೂ ತಪ್ಪಿಸಲಿಲ್ಲ. ಕೆಲವು ತಿಂಗಳ ನಂತರದ ಎರಡನೆಯ ತಪಾಸಣೆಯಲ್ಲಿ ಡಿ ಜೀವಸತ್ವ ಇರಬೇಕಾದಷ್ಟಿತ್ತು. ಆದರೂ ಅದಾದ ತಿಂಗಳೊಳಗೆ ಜ್ವರ ಬಂತು, ಉಸಿರೆಳೆಯುವ ಸ್ನಾಯುಗಳು ಸೋತವು. ಹುಬ್ಬಳ್ಳಿಯ ದವಾಖಾನೆಯಲ್ಲಿ ತೀರಿಕೊಂಡರು.

ಮಣ್ಣಿಗೆ ಬಂದವರೆಲ್ಲ ಬಿಸಿಲಿನ ಮಾತನ್ನೇ ಆಡಿದರು. ಅದರ ಮೂಲವನ್ನು ನಾನು ಹುಡುಕಬೇಕಾಗಿರಲಿಲ್ಲ. ಚಾಪೆ ಎಳೆದ ಆ ವಾರ ಕಟ್ಟೆಯ ಮೇಲೆ ಕುಳಿತು, “ವೈನಿ ಬಿಸಲಿಗೆ ಬರಂಗಿಲ್ಲ, ಅದಕ್ಕ ಹಿಂಗಾಗೈತಿ” ಎಂದು ಪತ್ರಿಕೆ ಬಡಿದು ಬಡಿದು ಹೇಳಿದವನು ನಾನೇ. ಅತ್ತಿಗೆ ಬದುಕಿರುವಾಗ ಆ ಮಾತನ್ನು ನಾನು ಹಿಂತೆಗೆದುಕೊಳ್ಳಲಿಲ್ಲ. ಹಿಂತೆಗೆದುಕೋ ಎಂದು ಅವರೂ ಕೇಳಲಿಲ್ಲ.

ಈಗ ನನ್ನ ಮಾತನ್ನಷ್ಟೇ ನಂಬಬೇಕಾಗಿಲ್ಲ. ರೋಣದ ಮನೆಯ ಟ್ರಂಕಿನಲ್ಲಿ ಆ ಎರಡನೆಯ ತಪಾಸಣೆಯ ಕಾಗದವಿದೆ. ಅದರ ಕೆಳಗೆ ಆ ಕೌದಿ ಇದೆ. ಅಂಚಿನ ಸುತ್ತುಗಳಲ್ಲಿ ಹೊಲಿಗೆ ಜೋಳದ ಕಾಳಿನಷ್ಟು, ಒಂದೇ ಸಮ. ಅವುಗಳ ಒಳಗಿನ ನಾಲ್ಕು ಸುತ್ತು ಉದ್ದುದ್ದ, ಅಡ್ಡಾದಿಡ್ಡಿ. ಅಲ್ಲಿಂದ ಮುಂದೆ ಮತ್ತೆ ಜೋಳದ ಕಾಳು. ನಟ್ಟನಡುವೆ ಒಂದು ಗೇಣು ಹೊಲಿಯದೆ ಉಳಿದಿದೆ. ಸೊಟ್ಟಾದ ಆ ನಾಲ್ಕು ಸುತ್ತು ನಾನು ಹೊಲಿಸಿದವು. ಯಾರು ಬೇಕಾದರೂ ಬಂದು ಎಣಿಸಬಹುದು.