ನರ್ಸಮ್ಮ ಒಪ್ಪಲಿಲ್ಲ

ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕಸುಬು. ಹಾಗಾಗಿ ಎಲ್ಲರಿಗೂ ಅವರು ತಂತಿಯಣ್ಣ. ವಯಸ್ಸಿನಲ್ಲಿ ಹಿರಿಯನಾದ ನಾನೂ ಹಾಗೆಯೇ ಕರೆಯುತ್ತೇನೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಗೂ ಔಷಧದಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಇಕ್ಕಟ್ಟಿನ ಅಂಗಡಿ ಅವರದು. ಗೋಡೆಗೆ ತಂತಿಯ ಉರುಳೆಗಳು, ನೆಲದ ಮೇಲೆ ಕರುಳು ಕಿತ್ತ ಫ್ಯಾನುಗಳು, ಮೂಲೆಯಲ್ಲೊಂದು ತಗಡಿನ ಪೆಟ್ಟಿಗೆ. ಸುತ್ತಿದ ಸುರುಳಿಯನ್ನು ವಾರ್ನಿಷಿನಲ್ಲಿ ಅದ್ದಿ, ಆ ಪೆಟ್ಟಿಗೆಯೊಳಗೆ ದೊಡ್ಡ ಬಲ್ಬಿನ ಶಾಖಕ್ಕೆ ಒಣಗಲು ಇಡುತ್ತಾರೆ. ಅವಸರ ಮಾಡಿದರೆ ಮೋಟಾರು ಮತ್ತೆ ಸುಡುತ್ತದೆ. ಕಾಯುವುದೊಂದೇ ಕೆಲಸ. ಹಾಗೆ ಕಾಯುತ್ತ ಕಾಯುತ್ತಲೇ ಅವರು ಓದುಗರಾದರು.

ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸುವ ಹೊತ್ತಿಗೆ, ಅವರ ಮದುವೆಯ ಮಾತು ತೆಗೆಯುವವರು ಯಾರೂ ಉಳಿದಿರಲಿಲ್ಲ. ಅಣ್ಣನ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ವಾಸ. ಅತ್ತಿಗೆ ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ತಟ್ಟೆ ಇಡುತ್ತಾರೆ. ಆದರೆ ಊಟದ ನಡುವೆ ಮೈದುನ, "ಇವತ್ತು ಓದಿದ ಪುಸ್ತಕದಲ್ಲಿ ಏನಾಯ್ತು ಗೊತ್ತಾ ಅತ್ತಿಗೆ?" ಎಂದು ಶುರುಮಾಡಿದರೆ, "ಮೊದ್ಲು ಊಟ ಮಾಡಪ್ಪ, ಆರಿಹೋಗುತ್ತೆ" ಎನ್ನುತ್ತಾರೆ. ಊಟವಾದ ಮೇಲೆ ಅವರಿಗೆ ಪಾತ್ರೆಯ ಕೆಲಸ. ಕತೆ ಹೊಟ್ಟೆಯಲ್ಲೇ ಉಳಿಯುತ್ತದೆ.

ಆ ಹೊಟ್ಟೆಯ ಭಾರ ಇಳಿಸಲಿಕ್ಕೆಂದೇ ಅವರು ನಮ್ಮ ಕೂಟಕ್ಕೆ ಬಂದದ್ದು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ, ನಾವು ಏಳೆಂಟು ಜನ ಸೇರುತ್ತೇವೆ. ಈಚೆಗೆ ಓದಿ ಮುಗಿಸಿದ ಪುಸ್ತಕದ ಬಗ್ಗೆ ಮನಸ್ಸಿಗೆ ಬಂದದ್ದನ್ನು ಹೇಳಬೇಕು. ಕಟ್ಟಳೆ ಎರಡೇ: ಪೂರ್ತಿ ಓದದೆ ಅಭಿಪ್ರಾಯ ಹೇಳಬಾರದು, ಓದಿ ಮುಗಿಸದವರ ಎದುರಿಗೆ ಕತೆಯ ಕೊನೆಯನ್ನು ಬಿಟ್ಟುಕೊಡಬಾರದು. ನಾನು ಮೇಷ್ಟ್ರಾಗಿದ್ದವನಾದ್ದರಿಂದ ಕಟ್ಟಳೆ ಕಾಯುವ ಕೆಲಸ ನನ್ನ ತಲೆಗೆ ಬಂದಿತ್ತು.

ತಂತಿಯಣ್ಣ ಅಲ್ಲಿ ಮೊದಲ ಸಲ ಬಾಯಿ ತೆರೆದದ್ದೇ ನರ್ಸಮ್ಮನ ಮೇಲೆ ಜಗಳಕ್ಕೆ. ನರ್ಸಮ್ಮ ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಪುಸ್ತಕದಲ್ಲಿ ಯಾರಿಗೆ ನೋವಾದರೂ ಅವರ ಕಣ್ಣಲ್ಲಿ ನೀರು. ತಮಗೆ ಒಪ್ಪಿಗೆಯಾಗದ ಮಾತು ಬಂದರೆ ಅಂಗೈಯಿಂದ ಮೇಜು ಬಡಿಯುವುದು ಅವರ ಅಭ್ಯಾಸ.

"ಆ ಹುಡುಗಿ ಮೂರು ದಿನ ಕಾಡಲ್ಲಿ ಅಲೆದ್ಲು ಅಂತೀರಿ. ಮನೇಲಿ ಕಟ್ಟಿಹಾಕಿದ್ದ ಹಸುಗೆ ನೀರಿಟ್ಟೋರು ಯಾರು?" ಎಂದು, ಅಂದು ನರ್ಸಮ್ಮ ಮೆಚ್ಚಿ ಹೇಳಿದ ಪುಸ್ತಕದ ಬಗ್ಗೆ ತಂತಿಯಣ್ಣ ಕೇಳಿದರು.

"ಅಯ್ಯೋ ಅಣ್ಣಾ! ಹುಡುಗಿ ಸಾಯ್ತಾ ಇದಾಳೆ, ನಿಮಗೆ ಹಸು ಚಿಂತೆ!"

"ಹಸೂನೂ ಸಾಯ್ತಾ ಇತ್ತಲ್ಲಮ್ಮ. ಬರೆದೋರು ಮರೆತ್ರು, ಓದಿದೋರೂ ಮರೆತ್ರು."

ನರ್ಸಮ್ಮ ಮೇಜು ಬಡಿದರು. "ನಿಮ್ಮ ಎದೇಲಿರೋದು ಗುಂಡಿಗೆ ಅಲ್ಲ, ತಾಮ್ರದ ಉಂಡೆ."

"ನೀವೋ, ಪುಸ್ತಕ ತೆಗೆದ ತಕ್ಷಣ ಅದರ ನಾಡಿ ಹಿಡ್ಕೊಂಡು ಕೂತ್ಕೋತೀರಿ."

ಅಂದಿನಿಂದ ಅವರದು ಎಣ್ಣೆ ಸೀಗೆಕಾಯಿ ಸಂಬಂಧ. ಗ್ರಂಥಾಲಯದಲ್ಲಿ ಹೊಸ ಪುಸ್ತಕದ ಪ್ರತಿ ಒಂದೇ ಇರುತ್ತಿತ್ತು. ಮೊದಲು ನರ್ಸಮ್ಮ ಓದುವುದು, ಆಮೇಲೆ ತಂತಿಯಣ್ಣ. ನರ್ಸಮ್ಮ ಪುಟದ ಗುರುತಿಗೆ ಬ್ಯಾಂಡೇಜ್ ಬಟ್ಟೆಯ ಒಂದು ಪಟ್ಟಿ ಇಡುತ್ತಿದ್ದರು. ತಂತಿಯಣ್ಣ ಓದಿ ಹಿಂದಿರುಗಿಸಿದ ಪುಸ್ತಕ ವಾರ್ನಿಷಿನ ವಾಸನೆ ಹೊಡೆಯುತ್ತಿತ್ತು. "ಮುಂದೆ ಓದೋರಿಗೆ ತಲೆನೋವಿನ ಮಾತ್ರೇನೂ ಜೊತೆಗೇ ಕೊಡಿ" ಎಂದು ನರ್ಸಮ್ಮ ಮೂಗು ಮುರಿಯುತ್ತಿದ್ದರು. ಬ್ಯಾಂಕಿನ ಗುಮಾಸ್ತರೊಬ್ಬರು ಒಮ್ಮೆ, "ನೀವಿಬ್ರೂ ಯಾವತ್ತಾದ್ರೂ ಒಂದು ಮಾತಿಗೆ ಒಪ್ಪಿದ್ದುಂಟಾ?" ಎಂದು ಕೇಳಿದರು. "ಇಲ್ಲ" ಎಂದರು ಇಬ್ಬರೂ ಒಟ್ಟಿಗೆ. ಒಪ್ಪಿದ್ದು ಅದೊಂದನ್ನೇ.

ಕೂಟದ ಹೊರಗೆ ಅವರಿಬ್ಬರಿಗೂ ಬಳಕೆ ಇರಲಿಲ್ಲ. ದಾರಿಯಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದರು, ಅಷ್ಟೆ. ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಒಂದು ಭಾನುವಾರ ನರ್ಸಮ್ಮ ಬರಲಿಲ್ಲ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಮಾತು ನಿಂತಿದೆ ಎಂದು ತಿಳಿಯಿತು. ಅವರ ಬಳಿಯಿದ್ದ ಗ್ರಂಥಾಲಯದ ಪುಸ್ತಕವನ್ನು ಅವರ ಜೊತೆಗಿದ್ದ ತಂಗಿ ತಂದು ಹಿಂದಿರುಗಿಸಿದ್ದರು. ಸರದಿಯ ಪ್ರಕಾರ ಅದು ತಂತಿಯಣ್ಣನ ಕೈಗೆ ಬಂತು. ತೆರೆದು ನೋಡಿದರೆ ಬ್ಯಾಂಡೇಜ್ ಪಟ್ಟಿ ಒಳಗೇ ಇದೆ. ಅದರಿಂದಾಚೆಗೆ ಕಾಲುಭಾಗ ಕತೆ ಬಾಕಿ.

ಮುಂದಿನ ಕೂಟದಲ್ಲಿ ಅವರ ಸರದಿ ಬಂದಾಗ, "ಮುಗಿಸಿದ್ದೀನಿ. ಆದ್ರೆ ಹೇಳಲ್ಲ" ಎಂದರು.

"ಯಾಕಪ್ಪಾ?" ಎಂದರು ಗುಮಾಸ್ತರು.

"ನರ್ಸಮ್ಮ ಇನ್ನೂ ಮುಗಿಸಿಲ್ಲ."

"ಅವರು ಇಲ್ಲಿ ಇಲ್ವಲ್ಲ!"

"ಅದಕ್ಕೇ."

ಎಲ್ಲರೂ ಹೋದ ಮೇಲೆ, ಕುರ್ಚಿಗಳನ್ನು ಗೋಡೆಗೆ ಸರಿಸುತ್ತ ನನ್ನ ಬಳಿ ಬಂದರು. "ಮೇಷ್ಟ್ರೇ, ಅವರ ಮನೆಗೆ ಒಂದು ಸಲ ಜೊತೇಲಿ ಬರ್ತೀರಾ? ಒಬ್ಬನೇ ಹೋದ್ರೆ, ಯಾರು ನೀವು ಅಂತ ಕೇಳಿದ್ರೆ ಏನು ಹೇಳ್ಲಿ? ನೆಂಟ ಅಲ್ಲ. ಸ್ನೇಹಿತ ಅನ್ನೋಣ ಅಂದ್ರೆ ಒಂದು ದಿನಾನೂ ಒಳ್ಳೆ ಮಾತಾಡಿದವನಲ್ಲ."

"ಹೋಗಿ ಏನು ಮಾಡ್ತೀರಿ?"

"ಉಳಿದದ್ದನ್ನ ಓದಿ ಹೇಳ್ತೀನಿ. ಅವರು ಏನಂತಾರೆ ಅಂತ ಗೊತ್ತಾಗ್ಬೇಕು ನನಗೆ. ಅದು ಗೊತ್ತಾಗ್ದೆ, ನನಗೇನನ್ನಿಸ್ತು ಅನ್ನೋದೇ ನನಗೆ ಗೊತ್ತಾಗ್ತಾ ಇಲ್ಲ."

ತಂಗಿ ಬಾಗಿಲು ತೆರೆದರು. "ಡಾಕ್ಟ್ರು ಅರ್ಥ ಆಗುತ್ತೆ ಅಂತಾರೆ. ನನಗಂತೂ ಗೊತ್ತಾಗಲ್ಲ. ಏನು ಕೇಳಿದ್ರೂ ಅಕ್ಕ ಗೋಡೆ ನೋಡ್ತಾ ಕೂತಿರ್ತಾಳೆ" ಎಂದರು. ಕಿಟಕಿಯ ಬಳಿ, ಮರದ ಕೈಗಳಿದ್ದ ಕುರ್ಚಿಯಲ್ಲಿ ನರ್ಸಮ್ಮ ಕುಳಿತಿದ್ದರು. ನಮ್ಮನ್ನು ನೋಡಿದರೂ ಮುಖದಲ್ಲಿ ಗುರುತು ಕಾಣಲಿಲ್ಲ. ತಂತಿಯಣ್ಣ ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟರು. ಎಡಗೈ ಮೆಲ್ಲನೆ ಅದನ್ನು ಸವರಿತು, ಎತ್ತಿತು, ಮುಖದ ಬಳಿ ತಂದಿತು. ಮೂಗು ಸುಕ್ಕಾಯಿತು.

"ಎರಡು ದಿನ ಬಿಸಿಲಿಗಿಟ್ಟಿದ್ದೆ ಕಣಮ್ಮ. ವಾಸನೆ ಹೋಗಿಲ್ಲ" ಎಂದರು ತಂತಿಯಣ್ಣ.

ಪಟ್ಟಿಯಿದ್ದ ಪುಟದಿಂದ ಓದತೊಡಗಿದರು. ಅವರು ಓದುವುದು ಕರೆಂಟ್ ಬಿಲ್ ಓದಿದಂತೆ, ಏರಿಲ್ಲ, ಇಳಿವಿಲ್ಲ. ಆದರೂ ಅಂಗಡಿ ಮುಚ್ಚಿದ ಮೇಲೆ ಸಂಜೆ ಸಂಜೆ ಹೋಗಿ ಓದಿದರು. ಆಮೇಲಾಮೇಲೆ ಒಬ್ಬರೇ ಹೋಗುತ್ತಿದ್ದರು. ಕೊನೆಯ ಅಧ್ಯಾಯದ ದಿನ ಮಾತ್ರ ಮತ್ತೆ ನನ್ನನ್ನು ಕರೆದರು.

ದೋಣಿ ನಡೆಸುವವನೊಬ್ಬನ ತಂಗಿಯ ಕತೆ ಅದು. ಅಣ್ಣನೊಡನೆ ಜಗಳವಾಡಿ ಮನೆ ಬಿಟ್ಟವಳು ಮುದುಕಿಯಾಗಿ ಹಿಂದಿರುಗುತ್ತಾಳೆ. ಅಣ್ಣ ಇದ್ದಾನೋ ಇಲ್ಲವೋ ತಿಳಿಯದು. ಕದ ತಟ್ಟಲು ಕೈ ಎತ್ತುತ್ತಾಳೆ. ಕೈ ತಾಗಿದೊಡನೆ ಕದ ತೆರೆದುಕೊಳ್ಳುತ್ತದೆ. ಅಷ್ಟು ವರ್ಷವೂ ಅದಕ್ಕೆ ಯಾರೂ ಚಿಲಕ ಹಾಕಿರಲಿಲ್ಲ. ಅಲ್ಲಿಗೆ ಕತೆ ಮುಗಿಯುತ್ತದೆ. ಆ ಸಾಲನ್ನು ಓದುವಾಗ ತಂತಿಯಣ್ಣ ಎರಡು ಸಲ ನಿಂತರು. ಬಾಗಿಲಲ್ಲಿ ನಿಂತಿದ್ದ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ನರ್ಸಮ್ಮ ಕಿಟಕಿಯಾಚೆ ನೋಡುತ್ತಿದ್ದರು.

"ಚೆನ್ನಾಗಿದೆ ಅಲ್ವಾ?" ಎಂದರು ತಂತಿಯಣ್ಣ ಮೆಲ್ಲಗೆ. ಅತ್ತ ಕಡೆಯಿಂದ ಏನೂ ಇಲ್ಲ. ಸ್ವಲ್ಪ ಹೊತ್ತು ಕಾದರು. ಕೈಯಲ್ಲಿದ್ದ ಪುಸ್ತಕ ಮುಚ್ಚಿ, ಎದ್ದೇ ಬಿಡುತ್ತಾರೆಂದುಕೊಂಡೆ. ಏಳಲಿಲ್ಲ. ಗಂಟಲು ಸರಿಮಾಡಿಕೊಂಡು, ಕೂಟದಲ್ಲಿ ಆಡುತ್ತಿದ್ದ ದನಿಯಲ್ಲಿ ಶುರುಮಾಡಿದರು.

"ಶುದ್ಧ ಬೊಗಳೆ. ಅಷ್ಟು ವರ್ಷ ಚಿಲಕ ಹಾಕ್ದೆ ಇರ್ತಾರಾ ಯಾರಾದ್ರೂ? ಕಳ್ಳರು ಬರಲ್ವಾ? ನಾಯಿ ನುಗ್ಗಲ್ವಾ?"

ನರ್ಸಮ್ಮನ ಎಡಗೈ ಕುರ್ಚಿಯ ಕೈಯಿಂದ ಮೇಲೆದ್ದಿತು. ಕೆಳಗೆ ಬಿತ್ತು. ದೊಡ್ಡ ಸದ್ದೇನಲ್ಲ.

"ಏನು? ಅಣ್ಣ ಕಾಯ್ತಾ ಇದ್ದ ಅಂತೀರಾ?"

ಕೈ ಮತ್ತೆ ಬಡಿಯಿತು.

"ಕಾಯೋನು ಒಂದು ಕಾಗದ ಹಾಕ್ಬೇಕಿತ್ತು. ಕದ ತೆಗೆದಿಟ್ರೆ ಗಾಳಿ ಬರುತ್ತೆ, ತಂಗಿ ಬರಲ್ಲ."

ಈ ಸಲ ಜೋರಾಗಿಯೇ ಬಡಿಯಿತು. ಕಣ್ಣು ಕಿಟಕಿ ಬಿಟ್ಟು ತಂತಿಯಣ್ಣನ ಮುಖದ ಮೇಲಿತ್ತು.

"ಸಾಕು ಬಿಡೀಪ್ಪಾ!" ಎಂದು ತಂಗಿ ಓಡಿ ಬಂದರು. "ಅಕ್ಕಂಗೆ ಸಿಟ್ಟು ಬಂದಿದೆ."

"ಬಂದಿದೆ ಅಲ್ವಾ?" ಎಂದರು ತಂತಿಯಣ್ಣ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ, "ನಿಮಗೆ ಆ ಕೊನೆ ಹಿಡಿಸಿತ್ತಲ್ಲ?" ಎಂದು ಕೇಳಿದೆ.

"ಹಿಡಿಸ್ತು ಮೇಷ್ಟ್ರೇ. ಹಾಗಂತ ಹೇಳಿದೆನಲ್ಲ, ಏನಾಯ್ತು? ಇಬ್ರೂ ಸುಮ್ನೆ ಕೂತಿರ್ಬೇಕಾಯ್ತು."

ಮುಂದಿನ ಕೂಟದಲ್ಲಿ ಅವರು ಎದ್ದುನಿಂತು ಹೇಳಿದ್ದು ಇಷ್ಟೆ: "ನಾನು ಬೊಗಳೆ ಅಂದೆ. ನರ್ಸಮ್ಮ ಒಪ್ಪಲಿಲ್ಲ." ಹೇಳಿ, ಗೆದ್ದವರಂತೆ ಕುಳಿತರು.

ಹೀಗೆ ಇನ್ನೆರಡು ಪುಸ್ತಕಗಳು ಮುಗಿದವು. ಎರಡನ್ನೂ ಅವರು ಬಾಯ್ತುಂಬ ಬೈದರು, ಎರಡು ಸಲವೂ ಕುರ್ಚಿಯ ಕೈಗೆ ಪೆಟ್ಟು ಬಿತ್ತು. ಮೂರನೆಯದು ಅರ್ಧದಲ್ಲಿದ್ದಾಗ ನರ್ಸಮ್ಮ ತೀರಿಕೊಂಡರು.

ಮನೆಯ ಮುಂದೆ ನೆಂಟರು ಸೇರಿದ್ದರು. ತಂತಿಯಣ್ಣ ಗೇಟಿನ ಹೊರಗೆ ನಿಂತಿದ್ದರು. ಬೆರಳುಗಳಲ್ಲಿ ಇನ್ನೂ ವಾರ್ನಿಷಿನ ಕಲೆ. ದೂರದಿಂದ ಬಂದಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ನೀವು ಏನಾಗ್ಬೇಕು?" ಎಂದು ವಿಚಾರಿಸಿದರು.

ತಂತಿಯಣ್ಣ ಕೈ ಮುಗಿದರು. "ಪುಸ್ತಕದ ಕಡೆಯೋರು" ಎಂದರು.

ಈಗಲೂ ಕೂಟಕ್ಕೆ ಬರುತ್ತಾರೆ. ತಾವು ಓದಿದ್ದನ್ನು ಮೊದಲಿನಂತೆಯೇ ಹುಳುಕು ತೆಗೆದು ಹೇಳುತ್ತಾರೆ. ಹೇಳಿ ಮುಗಿಸಿದ ಮೇಲೆ ಮಾತ್ರ ಒಡನೆ ಕೂರುವುದಿಲ್ಲ. ನರ್ಸಮ್ಮ ಕೂರುತ್ತಿದ್ದ ಎದುರಿನ ಕುರ್ಚಿಯ ಕಡೆ ನೋಡುತ್ತ ಒಂದು ಗಳಿಗೆ ನಿಲ್ಲುತ್ತಾರೆ. ಆ ಕುರ್ಚಿಯಲ್ಲಿ ಈಗ ಗುಮಾಸ್ತರು ಕೂರುತ್ತಾರೆ. ಅವರದು ಮೃದು ಸ್ವಭಾವ. "ಹೌದು ತಂತಿಯಣ್ಣ, ನೀವು ಹೇಳೋದು ಸರಿ" ಎನ್ನುತ್ತಾರೆ. ತಂತಿಯಣ್ಣ ಕೂರುತ್ತಾರೆ.

ನನಗೆ ನೋಡಲಾಗಲಿಲ್ಲ. ಕಳೆದ ಸಲ ಅವರ ಮಾತು ಮುಗಿಯುತ್ತಲೇ ನಾನೇ ಅಂಗೈಯಿಂದ ಮೇಜು ಬಡಿದು, "ನಾನು ಒಪ್ಪಲ್ಲ" ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ನಕ್ಕರು, ಆ ನಗುವಿನಲ್ಲಿ ಬೇಸರವಿರಲಿಲ್ಲ.

"ಇರ್ಲಿ ಬಿಡಿ ಮೇಷ್ಟ್ರೇ. ನಿಮಗೂ ನನ್ನ ಹಾಗೇ ಅನ್ಸಿದೆ."

ನಿಜ, ನನಗೂ ಹಾಗೆಯೇ ಅನ್ನಿಸಿತ್ತು. ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟು, ಸುರುಳಿಯೊಂದು ಒಣಗಲು ಇಟ್ಟಿದೆ, ಹೋಗಿ ನೋಡಬೇಕು ಎಂದು ಹೇಳಿ ಹೊರಟುಹೋದರು.