ಓಣಿಯ ಏಳು ಡಬ್ಬಿ

ಪುಂಜಾಲಕಟ್ಟೆಯ ವಿಸ್ಮಿತಾ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ಅವಳ ಅಮ್ಮ ಹರಿಣಾಕ್ಷಿ, "ಲ್ಯಾಬಿನಲ್ಲಿ ಕೆಲಸ ಉಂಟು" ಎಂದು ಮಾತು ತೇಲಿಸುತ್ತಾರೆ. ಮಗಳು ಎಳೆಮಕ್ಕಳ ಮಲ ಸಂಗ್ರಹಿಸುತ್ತಾಳೆ ಎಂದು ಮದುವೆ ಊಟದ ಪಂಕ್ತಿಯಲ್ಲಿ ಯಾವ ತಾಯಿ ತಾನೆ ಹೇಳಿಯಾಳು? ಆದರೆ ಕೆಲಸ ಅದೇ. ಕರುಳಿನಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳು ಮೈಯ ರೋಗನಿರೋಧಕ ಶಕ್ತಿಯನ್ನು ಹೇಗೆ ಪಳಗಿಸುತ್ತವೆ ಎಂಬುದು ಅವಳ ಸಂಶೋಧನೆ. ಲಸಿಕೆಗೆ ಮೊದಲು ಒಂದು ಡಬ್ಬಿ, ಲಸಿಕೆಯಾದ ಮೂರನೆಯ ದಿನ ಇನ್ನೊಂದು. ಐಸ್ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಮೂಡುಬಿದಿರೆಯ ಲ್ಯಾಬಿಗೆ ನಾಲ್ಕು ವರ್ಷ ಓಡಿದ್ದಾಳೆ. ಜೂನಿಗೆ ಫೆಲೋಶಿಪ್ ಮುಗಿಯುತ್ತದೆ. ಅಷ್ಟರೊಳಗೆ ಒಂದು ಪ್ರಬಂಧ ಅಚ್ಚಾಗದಿದ್ದರೆ ಮೂವತ್ತೊಂದನೇ ವಯಸ್ಸಿನಲ್ಲಿ ಎಲ್ಲವೂ ಮತ್ತೆ ಮೊದಲಿನಿಂದ.

ಅಂಥ ಹೊತ್ತಿಗೆ ಫಲಿತಾಂಶ ಬಂತು. ಪಾಣೆಮಂಗಳೂರಿನ ಒಂದೇ ಓಣಿಯ ಏಳು ಮಕ್ಕಳ ಸೂಕ್ಷ್ಮಜೀವಿಗಳು ಲಸಿಕೆಯ ನಂತರ ಒಂದೇ ತೆರನಾಗಿಬಿಟ್ಟಿದ್ದವು! ಗೈಡ್ ದಯಾನಂದ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಇದೇ ನಿನ್ನ ಪೇಪರ್. ಶುಕ್ರವಾರ ಕಳಿಸುವ."

ವಿಸ್ಮಿತಾ ನಕ್ಕಳು. ಮಧ್ಯಾಹ್ನ ಮಾತ್ರ ಊಟಕ್ಕೆ ಹೋಗದೆ ಫಲಿತಾಂಶವನ್ನೇ ಮತ್ತೆ ನೋಡಿದಳು. ಅವಳಿ ಮಕ್ಕಳದ್ದೂ ಇಷ್ಟು ಹೋಲುವುದಿಲ್ಲವಲ್ಲ? ಚೀಟಿ ತಪ್ಪಿ ಅಂಟಿಸಿದೆನೇ? ದಾಖಲೆ ಪುಸ್ತಕವನ್ನು ಮೂರು ಸಲ ತಿರುವಿದಳು. ತಪ್ಪು ಸಿಗಲಿಲ್ಲ, ಸಿಗದೇ ಇದ್ದುದಕ್ಕೇ ಹೆದರಿಕೆ ಹೆಚ್ಚಾಯಿತು. ಗುರುವಾರ ಬೆಳಿಗ್ಗೆ ಸ್ಕೂಟರ್ ನೇರ ಆ ಓಣಿಗೆ ತಿರುಗಿತು.

ಅಲ್ಲಿನ ಬಾಗಿಲುಗಳನ್ನೆಲ್ಲ ಅವಳಿಗೆ ತೆರೆಸಿಕೊಟ್ಟವರು ಸಫಿಯಮ್ಮ. ಮೊಮ್ಮಗ ಉನೈಸನನ್ನು ಸೊಂಟದಲ್ಲಿಟ್ಟುಕೊಂಡೇ ಅವರು ಶರಬತ್ತು ತಂದರು.

"ಸೂಜಿ ಕೊಟ್ಟ ಮೇಲೆ ಮಗುವಿನ ಹೊಟ್ಟೆ ಹೇಗಿತ್ತು ಸಫಿಯಮ್ಮ?"

"ಕೇಳ್ಬೇಡಿ. ಮೂರು ದಿನ ನೀರು ನೀರು."

"ನೀವು ಕೊಟ್ಟದ್ದು ಗಟ್ಟಿ ಇತ್ತಲ್ಲ?"

"ಅದು ಪಕ್ಕದ ಮನೆಯ ಸಿನಾನನದ್ದು." ಸಫಿಯಮ್ಮನಿಗೆ ಸಂಕೋಚವೇ ಇಲ್ಲ. "ಮನೆ ಬಾಗಿಲಿಗೆ ಬಂದವರಿಗೆ ಕೆಟ್ಟದ್ದು ಕೊಟ್ಟು ಕಳಿಸ್ಲಿಕ್ಕೆ ಆಗ್ತದಾ ಮಗಳೇ? ಉಳಿದ ಐದು ಮನೆಯ ಮಕ್ಕಳದ್ದೂ ಹೀಗೇ ಇತ್ತು, ಅವರಿಗೂ ನಾನೇ ಹೇಳಿದ್ದು. ಅವನ ಹೊಟ್ಟೆ ಗಡಿಯಾರದ ಹಾಗೆ, ಅವನದ್ದೇ ಕೊಡಿ ಅಂತ."

ವಿಸ್ಮಿತಾ ಲೋಟ ಕೆಳಗಿಟ್ಟಳು. ಸಿಟ್ಟು ಬಂತು, ಆದರೆ ಯಾರ ಮೇಲೆ ಮಾಡುವುದು? ಕೆಟ್ಟದ್ದೂ ಬೇಕು ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ. ಗಟ್ಟಿಯಾದದ್ದೇ ಸಿಕ್ಕಿತೆಂದು ಖುಷಿಯಿಂದ ಡಬ್ಬಿ ಮುಚ್ಚಿದವಳು ಅವಳೇ.

ಅವಳ ಮುಖ ನೋಡಿ ಸಫಿಯಮ್ಮ ಪೆಚ್ಚಾದರು. "ತಪ್ಪಾಯ್ತಾ? ನಾನು ಯಾರಿಗೂ ಹೇಳುದಿಲ್ಲ, ಆಯ್ತಾ?"

ಆ ಮಾತೇ ಅವಳನ್ನು ಹೆಚ್ಚು ಹೆದರಿಸಿತು. ನಿಜವೇ, ಯಾರೂ ಹೇಳುವುದಿಲ್ಲ. ನಾಳೆ ಶುಕ್ರವಾರ. ಒಂದು ದಿನ ಬಾಯಿ ಮುಚ್ಚಿಕೊಂಡರೆ ನಾಲ್ಕು ವರ್ಷ ಉಳಿಯುತ್ತದೆ. ಉನೈಸ್ ಅವಳ ಚೂಡಿದಾರದ ಶಾಲು ಹಿಡಿದು ಎಳೆಯುತ್ತಿದ್ದ. ಅವನಂಥ ಮಕ್ಕಳಿಗೆ ಯಾವ ಲಸಿಕೆ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂದು ತಿಳಿಯಲಿಕ್ಕೆ ತಾನೇ ಇಷ್ಟೆಲ್ಲ ಓಡಿದ್ದು?

ಅವಳು ಜಗಲಿಗೆ ಬಂದು ಫೋನ್ ಮಾಡಿದಳು.

"ಸರ್, ಆ ಏಳು ಮಕ್ಕಳು ಏಳಲ್ಲ. ಒಂದೇ ಮಗು."

ನಡೆದದ್ದನ್ನೆಲ್ಲ ಹೇಳಿದಳು. ದಯಾನಂದ ಸರ್ ದನಿ ತಗ್ಗಿಸಿ ಕೇಳಿದರು, "ಇದು ಬೇರೆ ಯಾರಿಗಾದರೂ ಗೊತ್ತುಂಟಾ?"

"ನನಗೆ ಗೊತ್ತುಂಟು ಸರ್," ಎಂದಳು ವಿಸ್ಮಿತಾ.