ವಾಪಸ್ ಬಂದದ್ದು ಯಾರ ರಕ್ತ?

ಸ್ನೇಹಿತರೇ, ಇವತ್ತು ಸಾಗರದ ಕ್ಲಿನಿಕ್ಕಿನಲ್ಲಿ ಪ್ಲಾಸ್ಮಾ ಕೊಡಲು ಮಲಗಿದ್ದೆ. ಯಂತ್ರ ಪ್ಲಾಸ್ಮಾ ಮಾತ್ರ ಉಳಿಸಿಕೊಂಡು ಮಿಕ್ಕ ರಕ್ತವನ್ನು ನನ್ನ ಮೈಗೇ ವಾಪಸ್ ಬಿಡುತ್ತದೆ ಎಂದು ತಿಳಿದದ್ದೇ ತಡ, ಜೊತೆಗೆ ಬಂದಿದ್ದ ದೊಡ್ಡಪ್ಪ ಎದ್ದು ನಿಂತರು.

"ಇವನ್ದೇ ವಾಪಸ್ ಬರುತ್ತೆ ಅಂತ ಎಂತ ಗ್ಯಾರಂಟಿ?"

"ಪೈಪ್ ನೋಡಿ, ಬೇರೆಯವರದ್ದು ಸೇರೋಕೆ ಜಾಗವೇ ಇಲ್ಲ," ಎಂದರು ನರ್ಸ್.

"ಅಕ್ಕಿ ಮಿಲ್ಲಲ್ಲೂ ಹಿಂಗೇ ಹೇಳ್ತಾರೆ. ನಿಂತು ನೋಡದಿದ್ರೆ ನಮ್ಮ ಭತ್ತ ಹೋಗಿ ಯಾರದ್ದೋ ಅಕ್ಕಿ ಬರುತ್ತೆ."

ಮುಗಿಯುವವರೆಗೂ ಯಂತ್ರದ ಪಕ್ಕ ಕಾವಲು ನಿಂತರು.

ಹೊಸನಗರದ ಬಸ್ಸಿನಲ್ಲೂ ಅದೇ ರಾಗ. ತಡೆಯಲಾರದೆ, "ಸಾಕು ಸುಮ್ನಿರಿ ದೊಡ್ಡಪ್ಪ!" ಎಂದು ರೇಗಿದೆ. ಹುಟ್ಟಿದಾಗಿನಿಂದ ಅವರಿಗೆ ಎದುರು ಮಾತಾಡಿದವನಲ್ಲ.

"ನೋಡಿದ್ಯಾ? ನಮ್ಮನೆ ರಕ್ತ ಹಿಂಗೆ ಎದುರು ಮಾತಾಡಲ್ಲ. ಬೆರಕೆ ಮಾಡೇ ಕಳಿಸಿದಾರೆ!"

ಆ ರಕ್ತ ಯಾರದ್ದೇ ಆಗಿರಲಿ, ಅವರಿಗೊಂದು ಥ್ಯಾಂಕ್ಸ್.